ಮಂಡಿ ಸವೆತಕ್ಕೆ ಕಾಂಡಕೋಶ ಚುಚ್ಚುಮದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡಿ ನೋವಿನಿಂದ ನರಳುವ ಹಿರಿಯರಿರುವ ಮನೆಗಳಲ್ಲಿ ‘ಆಪರೇಷನ್ ಬೇಡ, ಸ್ಟೆಮ್ ಸೆಲ್ ಇಂಜೆಕ್ಷನ್ ಒಂದು ಸಾಕು’ ಎಂಬ ಸಲಹೆ ಈಗ ಆಗಾಗ ಕೇಳಿಬರುತ್ತದೆ. ಸ್ಟೆಮ್ ಸೆಲ್ ಅಥವಾ ಕಾಂಡಕೋಶ, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ, ಎಂಬ ಒಂದೇ ಹೆಸರಿನಡಿ ಸರ್ಕಾರದ ಅನುಮತಿ ಪಡೆದ ಔಷಧವೂ, ಇನ್ನೂ ಪರೀಕ್ಷೆಯಲ್ಲಿರುವ ಪ್ರಯೋಗಗಳೂ, ಯಾವ ಪರೀಕ್ಷೆಗೂ ಒಳಗಾಗದೆ ಮಾರಾಟವಾಗುತ್ತಿರುವ ಸರಕೂ ಸೇರಿಕೊಂಡಿರುವುದರಿಂದ, ಹಣ ಕಟ್ಟುವ ಮೊದಲು ಇವುಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ರೋಗಿಗಳೂ ಅವರ ಜೊತೆಗೆ ಆಸ್ಪತ್ರೆಗೆ ಬರುವ ಮಕ್ಕಳೂ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಮಂಡಿ ಸವೆತದಲ್ಲಿ ನಿಜವಾಗಿ ಏನಾಗಿರುತ್ತದೆ?

ತೊಡೆಯ ಮೂಳೆ ಮತ್ತು ಕಣಕಾಲಿನ ಮೂಳೆ ಸೇರುವ ಜಾಗದಲ್ಲಿ ಎರಡರ ತುದಿಗೂ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಆಸ್ಟಿಯೋ ಆರ್ಥರೈಟಿಸ್ ಎಂದು ವೈದ್ಯರು ಬರೆದುಕೊಡುವ ಕಾಯಿಲೆಯಲ್ಲಿ ಈ ಹೊದಿಕೆ ತೆಳುವಾಗುತ್ತಾ, ಒರಟಾಗುತ್ತಾ ಹೋಗುತ್ತದೆ. ಆದರೆ ಕಾಯಿಲೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅಡಿಯಲ್ಲಿರುವ ಮೂಳೆ ಗಡುಸಾಗುತ್ತದೆ, ಅಂಚುಗಳಲ್ಲಿ ಮೂಳೆಯ ಮುಳ್ಳುಗಳು ಬೆಳೆಯುತ್ತವೆ, ಕೀಲಿನ ಒಳಪೊರೆ ಆಗಾಗ ಉರಿಯೂತಕ್ಕೆ ಒಳಗಾಗಿ ನೀರು ತುಂಬುತ್ತದೆ, ತೊಡೆಯ ಸ್ನಾಯುಗಳು ಸೊರಗುತ್ತವೆ. ಮೃದ್ವಸ್ಥಿಗೆ ನರಗಳೇ ಇಲ್ಲದ ಕಾರಣ ನೋವು ಹುಟ್ಟುವುದು ಬಹುಪಾಲು ಸುತ್ತಲಿನ ಮೂಳೆ, ಪೊರೆ ಮತ್ತು ಸ್ನಾಯುಗಳಲ್ಲಿ. ರಕ್ತನಾಳಗಳೂ ಇಲ್ಲದ ಕಾರಣ ಒಮ್ಮೆ ಹಾಳಾದ ಮೃದ್ವಸ್ಥಿ ಚರ್ಮದ ಗಾಯದ ಹಾಗೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಕಾಂಡಕೋಶ ಚಿಕಿತ್ಸೆಯ ಮೇಲೆ ಇಷ್ಟೊಂದು ಆಸೆ ಮೂಡಿರುವುದಕ್ಕೆ ಈ ಎರಡನೆಯ ಸಂಗತಿಯೇ ಕಾರಣ.

ಎಕ್ಸ್-ರೇ ನೋಡಿ ಸವೆತವನ್ನು 0ಯಿಂದ 4ರವರೆಗಿನ ಹಂತಗಳಲ್ಲಿ ಗುರುತಿಸುತ್ತಾರೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು 1957ರಲ್ಲಿ ರೂಪಿಸಿದ ಈ ಅಳತೆ ಇಂದಿಗೂ ಬಳಕೆಯಲ್ಲಿದೆ. ನಿಮ್ಮ ಮಂಡಿ ಯಾವ ಹಂತದಲ್ಲಿದೆ ಎಂಬುದನ್ನು ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಹಲವು ಉತ್ತರಗಳು ಅದನ್ನೇ ಅವಲಂಬಿಸಿವೆ.

ಕಾಂಡಕೋಶಗಳನ್ನು ಎಲ್ಲಿಂದ ತೆಗೆಯುತ್ತಾರೆ? ಎಲ್ಲ ಚುಚ್ಚುಮದ್ದುಗಳೂ ಒಂದೇ ತರಹದವೇ?

ಒಂದೇ ತರಹದವಲ್ಲ. ಮೊದಲನೆಯ ಬಗೆಯಲ್ಲಿ ರೋಗಿಯ ಸೊಂಟದ ಮೂಳೆಯಿಂದಲೇ ಅಸ್ಥಿಮಜ್ಜೆಯನ್ನು ಹೀರಿ, ಯಂತ್ರದಲ್ಲಿ ತಿರುಗಿಸಿ, ಸಾಂದ್ರಗೊಳಿಸಿ ಅದೇ ದಿನ ಮಂಡಿಗೆ ಚುಚ್ಚುತ್ತಾರೆ. ಇದನ್ನು ಸ್ಟೆಮ್ ಸೆಲ್ ಎಂದು ಕರೆದರೂ ಅಸ್ಥಿಮಜ್ಜೆಯ ಕೋಶಗಳಲ್ಲಿ ನಾವು ಹುಡುಕುವ ಮೀಸೆಂಕೈಮಲ್ ಕೋಶಗಳ, ಅಂದರೆ ಮೂಳೆ, ಮೃದ್ವಸ್ಥಿಗಳ ಕೋಶಗಳಾಗಬಲ್ಲ ಕಾಂಡಕೋಶಗಳ, ಪಾಲು ಬಹಳ ಚಿಕ್ಕದು. 10 ಸಾವಿರದಿಂದ 1 ಲಕ್ಷ ಕೋಶಗಳಿಗೆ ಒಂದರಷ್ಟು. ಎರಡನೆಯದು ಹೊಟ್ಟೆಯ ಕೊಬ್ಬನ್ನು ತೆಗೆದು, ಕಿಣ್ವದಿಂದ ಕರಗಿಸಿ ಪಡೆಯುವ ಮಿಶ್ರಣ. ಮೂರನೆಯದರಲ್ಲಿ ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆ ಅಥವಾ ಹೊಕ್ಕುಳಬಳ್ಳಿಯಿಂದ ಪಡೆದ ಕೋಶಗಳನ್ನು ಪ್ರಯೋಗಾಲಯದಲ್ಲಿ ವಾರಗಟ್ಟಲೆ ಬೆಳೆಸಿ, ಶುದ್ಧತೆ ಪರೀಕ್ಷಿಸಿ, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಬಳಸುವ ಹೊತ್ತಿಗೆ ಅದನ್ನು ಕರಗಿಸಿ ನಿರ್ದಿಷ್ಟ ಸಂಖ್ಯೆಯ ಕೋಶಗಳನ್ನು ಕೊಡುತ್ತಾರೆ.

ಒಂದು ಬಗೆಯ ಮೇಲೆ ನಡೆದ ಪ್ರಯೋಗದ ಫಲವನ್ನು ಇನ್ನೊಂದು ಬಗೆಗೆ ಅನ್ವಯಿಸಲು ಬರುವುದಿಲ್ಲ. ಕ್ಲಿನಿಕ್‌ನವರು ಯಾವುದೋ ಸಂಶೋಧನೆಯನ್ನು ತೋರಿಸಿದಾಗ, ಅಲ್ಲಿ ಬಳಸಿದ ಕೋಶ ಮತ್ತು ತಾವು ಚುಚ್ಚಲಿರುವ ಕೋಶ ಒಂದೇ ಹೌದೋ ಅಲ್ಲವೋ ಎಂದು ಕೇಳುವುದು ರೋಗಿಯ ಹಕ್ಕು.

ಚುಚ್ಚಿದ ಕೋಶಗಳು ಹೊಸ ಮೃದ್ವಸ್ಥಿಯಾಗಿ ಬೆಳೆಯುತ್ತವೆಯೇ?

ಸವೆದ ಮಂಡಿಯಲ್ಲಿ ಹೀಗಾಗುತ್ತದೆ ಎಂಬುದಕ್ಕೆ ಒಪ್ಪತಕ್ಕ ಪುರಾವೆ ಇಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಸೂಕ್ತ ರಾಸಾಯನಿಕಗಳ ನಡುವೆ ಈ ಕೋಶಗಳು ಮೃದ್ವಸ್ಥಿಯ ಕೋಶಗಳಾಗಬಲ್ಲವು ಎಂಬುದು ನಿಜ. ಕೀಲಿನೊಳಗಿನ ಪರಿಸ್ಥಿತಿಯೇ ಬೇರೆ. ಪ್ರಾಣಿಗಳ ಮೇಲಿನ ಅಧ್ಯಯನಗಳಲ್ಲಿ ಚುಚ್ಚಿದ ಕೋಶಗಳಲ್ಲಿ ಹೆಚ್ಚಿನವು ಕೆಲವು ದಿನ ಅಥವಾ ವಾರಗಳಲ್ಲಿ ಕಾಣೆಯಾಗುತ್ತವೆ. ಅಷ್ಟರೊಳಗೆ ಅವು ಸ್ರವಿಸುವ ಪ್ರೊಟೀನುಗಳು ಒಳಪೊರೆಯ ಉರಿಯೂತವನ್ನು ತಗ್ಗಿಸುತ್ತವೆ, ಅದರಿಂದ ನೋವು ಇಳಿಯುತ್ತದೆ ಎಂಬುದು ಇಂದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ. ಅಂದರೆ ಇದರಿಂದ ಒಳಿತಾದರೆ ಅದು ಉರಿಯೂತ ತಗ್ಗಿಸುವ ಔಷಧವಾಗಿ ಆಗುವ ಒಳಿತು. ‘ಮಂಡಿಯನ್ನು ಮರಳಿ ಯೌವನಕ್ಕೆ ತರುತ್ತೇವೆ’ ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಆಟವಾಡುವಾಗ ಪೆಟ್ಟು ಬಿದ್ದು ಮೃದ್ವಸ್ಥಿಯ ಒಂದು ಚಿಕ್ಕ ಭಾಗ ಕಿತ್ತುಹೋದ ತರುಣರಿಗೆ, ಅವರದೇ ಮೃದ್ವಸ್ಥಿ ಕೋಶಗಳನ್ನು ಬೆಳೆಸಿ ಶಸ್ತ್ರಚಿಕಿತ್ಸೆಯ ಮೂಲಕ ಆ ಗುಳಿಯಲ್ಲಿ ಕೂರಿಸುವ ವಿಧಾನವೊಂದಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2016ರಲ್ಲಿ ಅಂಥ ಒಂದು ಉತ್ಪನ್ನಕ್ಕೆ ಅನುಮತಿ ನೀಡಿದೆ. ದಕ್ಷಿಣ ಕೊರಿಯಾ 2012ರಲ್ಲಿ ಒಪ್ಪಿದ ಕಾರ್ಟಿಸ್ಟೆಮ್ ಕೂಡ ಹೊಕ್ಕುಳಬಳ್ಳಿಯ ರಕ್ತದ ಕೋಶಗಳನ್ನು ಶಸ್ತ್ರಚಿಕಿತ್ಸೆಯಿಂದ ಕೂರಿಸುವ ವಿಧಾನವೇ. ಸೂಜಿಯಲ್ಲಿ ಚುಚ್ಚಿ ಅರ್ಧ ಗಂಟೆಯಲ್ಲಿ ಮನೆಗೆ ಕಳಿಸುವ ಚಿಕಿತ್ಸೆಗೆ ಇವುಗಳ ಚಿತ್ರಗಳನ್ನು ತೋರಿಸಿ ಮಾತನಾಡುವುದು ಸರಿಯಲ್ಲ.

ನೋವು ಕಡಿಮೆಯಾಗುತ್ತದೆ ಎಂಬುದಾದರೂ ನಿಜವೇ?

ಸ್ವಲ್ಪ ಮಟ್ಟಿಗೆ ನಿಜವಿರಬಹುದು, ಆದರೆ ಪ್ರಯೋಗಗಳು ಒಂದೇ ದನಿಯಲ್ಲಿ ಮಾತನಾಡುತ್ತಿಲ್ಲ.

ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಸ್ಟೆಂಪ್ಯೂಸೆಲ್ ಎಂಬ ಕೋಶಗಳನ್ನು ಮೊದಲು 60 ರೋಗಿಗಳ ಮೇಲೆ, ಎರಡೂವರೆ ಕೋಟಿಯಿಂದ 15 ಕೋಟಿಯವರೆಗಿನ ನಾಲ್ಕು ಪ್ರಮಾಣಗಳಲ್ಲಿ ಪರೀಕ್ಷಿಸಿತು. ಹೆಚ್ಚು ಕೋಶ ಕೊಟ್ಟರೆ ಹೆಚ್ಚು ಗುಣ ಎಂಬ ಎಣಿಕೆ ಅಲ್ಲಿ ಸುಳ್ಳಾಯಿತು. ಅತಿ ಕಡಿಮೆ ಪ್ರಮಾಣ ಪಡೆದವರಲ್ಲೇ ನೋವು ಹೆಚ್ಚು ಇಳಿದಂತೆ ಕಂಡಿತು. ಪ್ರಮಾಣ ಹೆಚ್ಚಿದಂತೆ ಮಂಡಿಯ ಊತ ಮತ್ತು ನೋವಿನ ದೂರುಗಳೇ ಹೆಚ್ಚಿದವು. ಆ ಹಂತದಲ್ಲಿ ಹುಸಿಮದ್ದು (ಹೋಲಿಕೆಗಾಗಿ ಕೊಡುವ, ಕೋಶಗಳಿಲ್ಲದ ಚುಚ್ಚುಮದ್ದು) ಪಡೆದವರಿಗೂ ಕೋಶ ಪಡೆದವರಿಗೂ ನಡುವಿನ ವ್ಯತ್ಯಾಸ ಸಂಖ್ಯಾಶಾಸ್ತ್ರದ ಅಳತೆಗೆ ನಿಲ್ಲುವಷ್ಟು ದೊಡ್ಡದಾಗಿರಲಿಲ್ಲ. ಬಳಿಕ ಎರಡೂವರೆ ಕೋಟಿ ಕೋಶಗಳ ಒಂದೇ ಚುಚ್ಚುಮದ್ದನ್ನು 2 ಮತ್ತು 3ನೇ ಹಂತದ ಸವೆತವಿದ್ದ 146 ರೋಗಿಗಳಲ್ಲಿ ಹುಸಿಮದ್ದಿನೊಂದಿಗೆ ಹೋಲಿಸಿ, 12 ತಿಂಗಳು ಗಮನಿಸಿದರು. 2023ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಕೋಶ ಪಡೆದವರ ನೋವು, ಬಿಗಿತ ಮತ್ತು ಓಡಾಟ ಹುಸಿಮದ್ದು ಪಡೆದವರಿಗಿಂತ ಸ್ಪಷ್ಟವಾಗಿ ಸುಧಾರಿಸಿದ್ದವು. ಎಂಆರ್‌ಐ ಪರೀಕ್ಷೆಯಲ್ಲಿ ಅವರ ಮೃದ್ವಸ್ಥಿಯ ಗುಣಮಟ್ಟ ಇನ್ನಷ್ಟು ಕೆಡಲಿಲ್ಲ ಎಂದು ಕಂಡಿತು. ಕೆಡದೆ ಉಳಿಯುವುದೂ ಹೊಸದಾಗಿ ಬೆಳೆಯುವುದೂ ಬೇರೆ ಬೇರೆ ಎಂಬುದನ್ನು ಓದುಗರು ಮರೆಯಬಾರದು.

ಅದೇ 2023ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ದೊಡ್ಡ ಪ್ರಯೋಗ ಬೇರೆಯೇ ಮಾತನ್ನು ಹೇಳಿತು. ಸುಮಾರು 480 ರೋಗಿಗಳನ್ನು ಹಂಚಿ ಕೆಲವರಿಗೆ ಸ್ವಂತ ಅಸ್ಥಿಮಜ್ಜೆಯ ಸಾಂದ್ರಣ, ಕೆಲವರಿಗೆ ಸ್ವಂತ ಕೊಬ್ಬಿನ ಕೋಶಗಳು, ಕೆಲವರಿಗೆ ಹೊಕ್ಕುಳಬಳ್ಳಿಯ ಕೋಶಗಳು, ಉಳಿದವರಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಅಗ್ಗದ ಸ್ಟಿರಾಯ್ಡ್ ಚುಚ್ಚುಮದ್ದನ್ನು ಕೊಟ್ಟು ಒಂದು ವರ್ಷದ ನಂತರ ನೋಡಿದಾಗ, ನೋವು ತಗ್ಗಿಸುವುದರಲ್ಲಿ ಮೂರು ಕೋಶ ಚಿಕಿತ್ಸೆಗಳಲ್ಲಿ ಯಾವುದೂ ಸ್ಟಿರಾಯ್ಡನ್ನು ಮೀರಿಸಲಿಲ್ಲ. ಎಂಆರ್‌ಐಯಲ್ಲೂ ವ್ಯತ್ಯಾಸ ಕಾಣಲಿಲ್ಲ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಉಪಯುಕ್ತವಾದ ಪ್ರಯೋಗ ಇದೇ, ಏಕೆಂದರೆ ದುಬಾರಿ ಚಿಕಿತ್ಸೆಯನ್ನು ರೋಗಿಗೆ ಸುಲಭವಾಗಿ ಸಿಗುವ ಚಿಕಿತ್ಸೆಯ ಎದುರಿಗೇ ಇಟ್ಟು ಇದು ಅಳೆಯಿತು.

ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಬಳಗದ 2025ರ ವಿಮರ್ಶೆ, ಕಾಂಡಕೋಶ ಚುಚ್ಚುಮದ್ದು ಹುಸಿಮದ್ದಿಗಿಂತ ನೋವನ್ನೂ ಓಡಾಟವನ್ನೂ ‘ಸ್ವಲ್ಪ’ ಸುಧಾರಿಸಬಹುದು, ಆದರೆ ಪುರಾವೆಯ ಖಚಿತತೆ ಕಡಿಮೆ ಎಂದು ಹೇಳಿತು. ಅಮೆರಿಕದ ಸಂಧಿರೋಗ ತಜ್ಞರ ಸಂಘವಾದರೋ 2019ರ ತನ್ನ ಮಾರ್ಗಸೂಚಿಯಲ್ಲೇ, ಕೋಶಗಳ ತಯಾರಿಕೆಯಲ್ಲಿ ಏಕರೂಪತೆ ಇಲ್ಲವೆಂಬ ಕಾರಣಕ್ಕೆ, ಮಂಡಿ ಸವೆತಕ್ಕೆ ಇದನ್ನು ಬಳಸಬಾರದೆಂದು ಬಲವಾಗಿ ಶಿಫಾರಸು ಮಾಡಿತ್ತು.

ಪರಿಚಯದವರೊಬ್ಬರಿಗೆ ಪೂರ್ತಿ ವಾಸಿಯಾಗಿದೆಯಲ್ಲ?

ಅವರಿಗೆ ಹಾಯಾಗಿರುವುದು ಸುಳ್ಳಲ್ಲ. ಆದರೆ ಮಂಡಿಯ ಸವೆತದ ನೋವು ಕೆಲವು ತಿಂಗಳು ಏರುತ್ತದೆ, ಕೆಲವು ತಿಂಗಳು ತಾನಾಗಿ ಇಳಿಯುತ್ತದೆ. ಜನರು ಚಿಕಿತ್ಸೆಗೆ ಹೋಗುವುದು ನೋವು ಏರಿದ್ದಾಗಲೇ. ಹಾಗಾಗಿ ಆಮೇಲೆ ಇಳಿಯುವ ನೋವಿನ ಶ್ರೇಯಸ್ಸು ಚಿಕಿತ್ಸೆಗೆ ಸಲ್ಲುತ್ತದೆ. ಇದಲ್ಲದೆ ಮಂಡಿಗೆ ಬರೀ ಉಪ್ಪುನೀರಿನ ದ್ರಾವಣವನ್ನು ಚುಚ್ಚಿದಾಗಲೂ ಬಹಳಷ್ಟು ಜನರಿಗೆ ತಿಂಗಳುಗಟ್ಟಲೆ ಆರಾಮವೆನಿಸುತ್ತದೆ ಎಂಬುದು ಅನೇಕ ಪ್ರಯೋಗಗಳಲ್ಲಿ ಕಂಡುಬಂದಿದೆ. ಚುಚ್ಚುಮದ್ದಿನ ಜೊತೆಗೆ ವಿಶ್ರಾಂತಿ, ವ್ಯಾಯಾಮ, ತೂಕದ ಎಚ್ಚರಿಕೆ ಎಲ್ಲವೂ ಆರಂಭವಾಗಿರುವುದೂ ಉಂಟು. ಹುಸಿಮದ್ದಿನ ಗುಂಪಿಲ್ಲದ ಅಧ್ಯಯನಗಳನ್ನು ನಂಬಲು ತಜ್ಞರು ಹಿಂಜರಿಯುವುದು ಈ ಕಾರಣಕ್ಕೆ.

ಚಿಕಿತ್ಸೆಯ ಮೊದಲು ಮತ್ತು ನಂತರದ ಎಕ್ಸ್-ರೇಗಳಲ್ಲಿ ಮೂಳೆಗಳ ನಡುವಿನ ಜಾಗ ಹೆಚ್ಚಾಗಿರುವುದನ್ನು ತೋರಿಸುತ್ತಾರಲ್ಲ?

ಎಕ್ಸ್-ರೇಯಲ್ಲಿ ಕಾಣುವ ಆ ಜಾಗ, ರೋಗಿ ನಿಂತಿದ್ದರೋ ಮಲಗಿದ್ದರೋ, ಮಂಡಿಯನ್ನು ಎಷ್ಟು ಮಡಿಸಿದ್ದರು, ಕಿರಣ ಯಾವ ಕೋನದಲ್ಲಿ ಹಾಯಿತು ಎಂಬುದನ್ನೆಲ್ಲ ಅವಲಂಬಿಸಿ ಬದಲಾಗುತ್ತದೆ. ಮಲಗಿಸಿ ತೆಗೆದ ಚಿತ್ರದಲ್ಲಿ ಸವೆದ ಮಂಡಿಯೂ ಚೆನ್ನಾಗಿ ಕಾಣಬಹುದು. ಒಂದೇ ಭಂಗಿಯಲ್ಲಿ, ಮೈಭಾರ ಹಾಕಿ ನಿಂತು ತೆಗೆಸಿದ ಚಿತ್ರಗಳನ್ನು, ಯಾರಿಗೆ ಯಾವ ಚಿಕಿತ್ಸೆಯಾಗಿದೆ ಎಂದು ತಿಳಿಯದ ತಜ್ಞರು ಓದಿದಾಗ ಮಾತ್ರ ಹೋಲಿಕೆಗೆ ಅರ್ಥವಿರುತ್ತದೆ.

ಭಾರತದಲ್ಲಿ ಇದಕ್ಕೆ ಸರ್ಕಾರದ ಅನುಮತಿ ಇದೆಯೇ?

ಒಂದು ನಿರ್ದಿಷ್ಟ ಉತ್ಪನ್ನಕ್ಕೆ ಇದೆ. ಮೇಲೆ ಹೇಳಿದ ಸ್ಟೆಂಪ್ಯೂಸೆಲ್‌ಗೆ ಭಾರತದ ಔಷಧ ಮಹಾನಿಯಂತ್ರಕರು 2022ರಲ್ಲಿ 2 ಮತ್ತು 3ನೇ ಹಂತದ ಮಂಡಿ ಸವೆತಕ್ಕೆ ಅನುಮತಿ ನೀಡಿದರು. ಆಲ್ಕೆಮ್ ಕಂಪನಿ ಅದನ್ನು ಸ್ಟೆಮ್‌ಒನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮ ಬೆಂಗಳೂರಿನಲ್ಲಿ ಬೆಳೆದ ಸಂಶೋಧನೆಯೊಂದು ಹಂತ ಹಂತವಾಗಿ ಪರೀಕ್ಷೆಗೊಳಗಾಗಿ, ತನ್ನ ಫಲವನ್ನು ಎಲ್ಲರೂ ಓದಿ ಪ್ರಶ್ನಿಸುವಂತೆ ಪ್ರಕಟಿಸಿದ್ದು ಮೆಚ್ಚತಕ್ಕ ಸಂಗತಿ.

ಆದರೆ ಆ ಅನುಮತಿ ಆ ಉತ್ಪನ್ನಕ್ಕೆ, ಆ ಪ್ರಮಾಣಕ್ಕೆ, ಆ ಹಂತಗಳಿಗೆ ಮಾತ್ರ ಸಲ್ಲುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿ, ರಕ್ತಸಂಬಂಧಿ ಕಾಯಿಲೆಗಳಂಥ ಒಪ್ಪಿತ ಬಳಕೆಗಳನ್ನು ಬಿಟ್ಟು ಉಳಿದ ಎಲ್ಲ ಕಾಂಡಕೋಶ ಬಳಕೆಯನ್ನೂ ಸಂಶೋಧನೆಯೆಂದೇ ಪರಿಗಣಿಸಬೇಕು, ಅದು ನೋಂದಾಯಿತ ಪ್ರಯೋಗದೊಳಗೆ ಮಾತ್ರ ನಡೆಯಬೇಕು ಎಂದು ಹೇಳಿದೆ. 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗಗಳ ನಿಯಮಗಳು ಕಾಂಡಕೋಶದಿಂದ ತಯಾರಾದ ಉತ್ಪನ್ನಗಳನ್ನು ‘ಹೊಸ ಔಷಧ’ದ ವ್ಯಾಪ್ತಿಗೆ ತಂದಿವೆ. ಆದ್ದರಿಂದ ‘ಸ್ಟೆಮ್ ಸೆಲ್‌ಗೆ ಸರ್ಕಾರವೇ ಒಪ್ಪಿಗೆ ಕೊಟ್ಟಿದೆ’ ಎಂದು ಹೇಳಿ, ಹೊಟ್ಟೆಯ ಕೊಬ್ಬಿನ ಮಿಶ್ರಣವನ್ನೋ ಹೆಸರಿಲ್ಲದ ಸೀಸೆಯನ್ನೋ ಚುಚ್ಚುವವರು ಹೇಳುತ್ತಿರುವುದು ಅರ್ಧ ಸತ್ಯ, ಮತ್ತು ಆ ಅರ್ಧ ಸತ್ಯದ ಬೆಲೆಯನ್ನು ತೆರುವವರು ರೋಗಿಗಳು.

ವಿದೇಶದಲ್ಲಿರುವ ಕನ್ನಡಿಗರು ತಮ್ಮ ತಂದೆತಾಯಿಯರಿಗಾಗಿ ಅಲ್ಲಿಯ ಕ್ಲಿನಿಕ್‌ಗಳನ್ನು ವಿಚಾರಿಸುವುದುಂಟು. ಅಮೆರಿಕದಲ್ಲಿ ಎಫ್‌ಡಿಎ ಮಂಡಿ ಸವೆತಕ್ಕೆ ಯಾವ ಕಾಂಡಕೋಶ ಉತ್ಪನ್ನಕ್ಕೂ ಅನುಮತಿ ನೀಡಿಲ್ಲ. ಎಕ್ಸೋಸೋಮ್ (ಕೋಶಗಳು ಹೊರಬಿಡುವ ಅತಿಸೂಕ್ಷ್ಮ ಕಣಗಳು) ಎಂಬ ಹೆಸರಿನಲ್ಲಿ ಮಾರುವ ದ್ರವಗಳಿಗೂ ಅನುಮತಿ ಇಲ್ಲ.

ಅಪಾಯಗಳೇನು? ಸ್ವಂತ ಕೋಶವಾದರೆ ತೊಂದರೆಯಿಲ್ಲ ಅಲ್ಲವೇ?

ನಿಯಮಬದ್ಧ ಪ್ರಯೋಗಗಳಲ್ಲಿ ಕಂಡ ಹೆಚ್ಚಿನ ತೊಂದರೆಗಳು ಕೆಲವು ದಿನಗಳ ಊತ, ನೋವು ಮತ್ತು ಬಿಗಿತ. ಗಂಭೀರ ತೊಂದರೆಗಳು ವಿರಳ. ಹಲವು ವರ್ಷಗಳ ನಂತರ ಏನಾಗಬಹುದು ಎಂಬುದನ್ನು ಹೇಳಲು ಮಾತ್ರ ಒಂದು ವರ್ಷದ ಗಮನಿಕೆ ಸಾಲದು.

ನಿಯಮದ ಹೊರಗೆ ನಡೆದಾಗ ಚಿತ್ರ ಬದಲಾಗುತ್ತದೆ. 2018ರಲ್ಲಿ ಅಮೆರಿಕದ ಟೆಕ್ಸಾಸ್, ಫ್ಲಾರಿಡಾ ಮತ್ತು ಅರಿಜೋನಾ ರಾಜ್ಯಗಳಲ್ಲಿ ಹೊಕ್ಕುಳಬಳ್ಳಿಯ ರಕ್ತದಿಂದ ತಯಾರಿಸಿದ, ಅನುಮತಿಯಿಲ್ಲದ ಉತ್ಪನ್ನವನ್ನು ಚುಚ್ಚಿಸಿಕೊಂಡ 12 ಮಂದಿ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಬೇಕಾಯಿತು. ಕರುಳಿನಲ್ಲಿ ವಾಸಿಸುವಂಥ ರೋಗಾಣುಗಳು ಬಳಕೆಗೆ ಮುನ್ನವೇ ಸೀಸೆಗಳೊಳಗೆ ಇದ್ದುದು ತನಿಖೆಯಲ್ಲಿ ತಿಳಿಯಿತು. ಸ್ವಂತ ಕೋಶದ ವಿಷಯಕ್ಕೆ ಬಂದರೂ, ಕೊಬ್ಬು ಅಥವಾ ಮಜ್ಜೆಯನ್ನು ತೆಗೆಯುವುದೇ ಒಂದು ಚಿಕ್ಕ ಶಸ್ತ್ರಕ್ರಿಯೆ. ಅದರಲ್ಲಿ ರಕ್ತಸ್ರಾವ ಮತ್ತು ಸೋಂಕಿನ ಸಾಧ್ಯತೆ ಇದ್ದೇ ಇದೆ. ಕೋಶಗಳು ದೇಹದ ಹೊರಗಿರುವಷ್ಟು ಹೊತ್ತೂ ಮಲಿನವಾಗುವ ಅವಕಾಶವಿದೆ.

ಅನುಮತಿ ಸಿಕ್ಕಿದ ಮೇಲೂ ಎಚ್ಚರ ತಪ್ಪಬಾರದು ಎಂಬುದಕ್ಕೆ ಕೊರಿಯಾದ ಇನ್‌ವೊಸಾ ಪ್ರಕರಣ ಸಾಕ್ಷಿ. ಮಂಡಿ ಸವೆತಕ್ಕೆಂದೇ 2017ರಲ್ಲಿ ಅಲ್ಲಿ ಅನುಮತಿ ಪಡೆದ ಈ ಕೋಶ ಚಿಕಿತ್ಸೆಯಲ್ಲಿ ಮೃದ್ವಸ್ಥಿಯ ಕೋಶಗಳಿವೆ ಎಂದು ದಾಖಲೆ ಹೇಳುತ್ತಿತ್ತು. ಅದರ ಒಂದು ಭಾಗದಲ್ಲಿದ್ದುದು ಮೂತ್ರಪಿಂಡ ಮೂಲದ ಕೋಶಗಳು ಎಂಬುದು ಬೆಳಕಿಗೆ ಬರುವಷ್ಟರಲ್ಲಿ 3 ಸಾವಿರಕ್ಕೂ ಹೆಚ್ಚು ರೋಗಿಗಳು ಅದನ್ನು ಪಡೆದಾಗಿತ್ತು. 2019ರಲ್ಲಿ ಅನುಮತಿ ರದ್ದಾಯಿತು. ಕೋಶದ ಗುರುತು ಮತ್ತು ಶುದ್ಧತೆಯ ಪರೀಕ್ಷೆಯನ್ನು ದೊಡ್ಡ ಕಂಪನಿಯೇ ತಪ್ಪಿಸಿಕೊಂಡಿರುವಾಗ, ಕ್ಲಿನಿಕ್‌ನ ಹಿಂಕೋಣೆಯಲ್ಲಿ ತಯಾರಾಗುವ ಮಿಶ್ರಣದ ಬಗ್ಗೆ ಎಷ್ಟು ಎಚ್ಚರ ಬೇಕೆಂದು ಓದುಗರೇ ಯೋಚಿಸಲಿ.

ಪಿಆರ್‌ಪಿ ಚುಚ್ಚುಮದ್ದೂ ಇದೇ ಅಲ್ಲವೇ?

ಅಲ್ಲ. ರೋಗಿಯ ರಕ್ತವನ್ನು ತಿರುಗಿಸಿ ಪ್ಲೇಟ್‌ಲೆಟ್‌ಗಳನ್ನು ಬೇರ್ಪಡಿಸಿ ಚುಚ್ಚುವುದು ಪಿಆರ್‌ಪಿ, ಅದರಲ್ಲಿ ಕಾಂಡಕೋಶಗಳಿಲ್ಲ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ನಂತರ ನೋವಿನಲ್ಲಾಗಲಿ ಮೃದ್ವಸ್ಥಿಯ ಪ್ರಮಾಣದಲ್ಲಾಗಲಿ ಪಿಆರ್‌ಪಿಗೂ ಉಪ್ಪುನೀರಿನ ದ್ರಾವಣಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಯಾರಿಗೆ ಈ ಚಿಕಿತ್ಸೆ ಹೊಂದುವುದಿಲ್ಲ?

ಮೂಳೆಗೆ ಮೂಳೆ ತಾಗುವ 4ನೇ ಹಂತ ತಲುಪಿದವರಿಗೆ, ಕಾಲು ಹೊರಗೆ ತೀರಾ ಬಾಗಿರುವವರಿಗೆ ಇದರಿಂದ ಪ್ರಯೋಜನದ ನಿರೀಕ್ಷೆ ಇಡುವುದು ಕಷ್ಟ. ದುರದೃಷ್ಟವಶಾತ್ ಶಸ್ತ್ರಚಿಕಿತ್ಸೆಗೆ ಹೆದರಿ ಈ ಚುಚ್ಚುಮದ್ದಿಗೆ ಹೆಚ್ಚು ಆಸೆಪಡುವವರೂ ಇವರೇ. ರುಮಟಾಯ್ಡ್‌ನಂಥ ಉರಿಯೂತದ ಸಂಧಿವಾತ, ಮೈಯಲ್ಲಿ ಸೋಂಕು ಅಥವಾ ಕ್ಯಾನ್ಸರ್ ಇರುವವರನ್ನು ಸಾಮಾನ್ಯವಾಗಿ ಪ್ರಯೋಗಗಳಿಗೆ ಸೇರಿಸಿಕೊಳ್ಳುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಆ ವಿಷಯವನ್ನು ಮೊದಲೇ ತಿಳಿಸಬೇಕು.

ಪ್ರಯೋಗಕ್ಕೆ ಸೇರಬಹುದೇ? ಅದಕ್ಕೆ ಹಣ ಕೊಡಬೇಕೇ?

ಸೇರಬಹುದು, ಮತ್ತು ಪರೀಕ್ಷೆಯಲ್ಲಿರುವ ಔಷಧಕ್ಕಾಗಿ ನೀವು ಹಣ ಕೊಡಬೇಕಾಗಿಲ್ಲ. ಐಸಿಎಂಆರ್‌ನ ನೈತಿಕ ಮಾರ್ಗಸೂಚಿಯ ಪ್ರಕಾರ ಸಂಶೋಧನೆಗೆಂದು ಹೆಚ್ಚುವರಿಯಾಗಿ ಆಗುವ ವೆಚ್ಚವನ್ನು ಭಾಗವಹಿಸುವವರ ಮೇಲೆ ಹೇರುವಂತಿಲ್ಲ. ‘ಇದು ಪ್ರಯೋಗ’ ಎಂದು ಹೇಳಿ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬರುವುದು ಲೇಸು.

ಭಾರತದಲ್ಲಿ ನಡೆಯುವ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿ ಪಟ್ಟಿಯಲ್ಲಿ ದಾಖಲಿಸುವುದು 2009ರಿಂದ ಕಡ್ಡಾಯ. ಪ್ರಯೋಗದ ಸಂಖ್ಯೆಯನ್ನು ಕೇಳಿ ಪಡೆದು, ಆ ಪಟ್ಟಿಯಲ್ಲಿ ಯಾರಾದರೂ ಹುಡುಕಿ ನೋಡಬಹುದು. ನೋಂದಣಿ ಇದ್ದ ಮಾತ್ರಕ್ಕೆ ಔಷಧ ನಿಯಂತ್ರಕರ ಅನುಮತಿ ಇದೆ ಎಂದಾಗುವುದಿಲ್ಲ. ಅದನ್ನು ಬೇರೆಯಾಗಿ ಕೇಳಬೇಕು. ನೈತಿಕ ಸಮಿತಿಯ ಒಪ್ಪಿಗೆ ಇರಬೇಕು, ಸಮ್ಮತಿ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದ ಪ್ರತಿಯನ್ನು ಕೇಳಿ ಪಡೆದು, ಮನೆಗೆ ಒಯ್ದು ಓದಿ, ಮನೆಯವರೊಂದಿಗೆ ಮಾತನಾಡಿದ ಮೇಲೆ ಸಹಿ ಹಾಕಿ. ಹುಸಿಮದ್ದಿನ ಗುಂಪಿಗೆ ಬೀಳುವ ಸಾಧ್ಯತೆಯನ್ನು ಒಪ್ಪಿಯೇ ಸೇರಬೇಕಾಗುತ್ತದೆ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಗೂ ಪರಿಹಾರಕ್ಕೂ 2019ರ ನಿಯಮಗಳಲ್ಲಿ ಅವಕಾಶವಿದೆ. ಯಾವ ಘಟ್ಟದಲ್ಲಾದರೂ ಕಾರಣ ಹೇಳದೆ ಹಿಂದೆ ಸರಿಯಬಹುದು.

ಹಣ ಕೊಟ್ಟು ಚುಚ್ಚಿಸಿಕೊಳ್ಳುವ ಮೊದಲು ವೈದ್ಯರನ್ನು ಏನು ಕೇಳಬೇಕು?

ಕೋಶ ಯಾರದು, ಎಲ್ಲಿಂದ ಬಂದದ್ದು, ಎಷ್ಟು ಸಂಖ್ಯೆಯದು, ಸೀಸೆಯ ಮೇಲೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಪರವಾನಗಿ ಸಂಖ್ಯೆ ಇದೆಯೇ ಎಂದು ಕೇಳಿ. ನನ್ನ ಹಂತದ ಸವೆತಕ್ಕೆ ಇದಕ್ಕೆ ಅನುಮತಿ ಇದೆಯೇ, ಸ್ಟಿರಾಯ್ಡ್ ಚುಚ್ಚುಮದ್ದಿಗಿಂತ ಇದು ನನಗೇಕೆ ಮೇಲು, ಒಂದು ವರ್ಷದಲ್ಲಿ ನೋವು ಮರಳಿದರೆ ಮುಂದೇನು ಎಂದೂ ಕೇಳಿ. ವೈದ್ಯರಿಗೆ ಇಷ್ಟೆಲ್ಲ ಪ್ರಶ್ನೆ ಹಾಕುವುದು ಅಗೌರವ ಎಂದು ನಮ್ಮ ಹಿರಿಯರು ಭಾವಿಸುತ್ತಾರೆ. ತಿಳಿದ ವೈದ್ಯರು ಇಂಥ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಬೇಸರಪಟ್ಟರೆ ಇನ್ನೊಬ್ಬ ಎಲುಬು-ಕೀಲು ತಜ್ಞರ ಅಭಿಪ್ರಾಯ ಪಡೆಯಿರಿ.

ಇದನ್ನು ಬಿಟ್ಟರೆ ಬೇರೆ ಏನು ದಾರಿಯಿದೆ?

ಪುರಾವೆ ಗಟ್ಟಿಯಾಗಿರುವ ದಾರಿಗಳು ಸಾಧಾರಣವಾಗಿ ಕಾಣುವುದರಿಂದಲೇ ಜನ ಅವುಗಳನ್ನು ಕಡೆಗಣಿಸುತ್ತಾರೆ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ತೊಡೆಯ ಮುಂಭಾಗದ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ತಿಂಗಳುಗಟ್ಟಲೆ ಬಿಡದೆ ಮಾಡಿದರೆ ನೋವು ತಗ್ಗುತ್ತದೆ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಅಧ್ಯಯನವೊಂದು ಅಳೆದು ತೋರಿಸಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದನ್ನು, ಕುಕ್ಕರಗಾಲಲ್ಲಿ ಕೂರುವ ಶೌಚಾಲಯವನ್ನು ತಪ್ಪಿಸುವುದು, ಊರುಗೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯುವುದು, ಮಂಡಿಗೆ ಹಚ್ಚುವ ನೋವು ನಿವಾರಕ ಜೆಲ್ ಬಳಸುವುದು ಇವೆಲ್ಲ ದಿನನಿತ್ಯದ ಬದುಕನ್ನು ಹಗುರ ಮಾಡುತ್ತವೆ. ಸ್ಟಿರಾಯ್ಡ್ ಚುಚ್ಚುಮದ್ದು ಕೆಲವು ವಾರಗಳ ಆರಾಮ ಕೊಡುತ್ತದೆ. ಆದರೆ ಎರಡು ವರ್ಷಗಳ ಕಾಲ, ಪ್ರತಿ ಮೂರು ತಿಂಗಳಿಗೊಮ್ಮೆ ಪಡೆದವರಲ್ಲಿ ಮೃದ್ವಸ್ಥಿ ಹೆಚ್ಚು ಕರಗಿದ್ದನ್ನು 2017ರ ಪ್ರಯೋಗವೊಂದು ಕಂಡಿರುವುದರಿಂದ ಅದನ್ನು ಪದೇ ಪದೇ ಪಡೆಯಬಾರದು.

ಕೊನೆಯ ಹಂತದಲ್ಲಿ ಕೃತಕ ಕೀಲು ಜೋಡಣೆ ಭರವಸೆಯ ಚಿಕಿತ್ಸೆ. ಪೂರ್ಣ ಮಂಡಿ ಬದಲಿಸಿದವರಲ್ಲಿ ನೂರಕ್ಕೆ ಸುಮಾರು 82 ಕೀಲುಗಳು 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ಹಲವು ದೇಶಗಳ ದಾಖಲೆಗಳಿಂದ ಲೆಕ್ಕ ಹಾಕಲಾಗಿದೆ. ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಕೃತಕ ಕೀಲುಗಳ ಬೆಲೆಗೆ ಮಿತಿ ಹಾಕಿದ ಮೇಲೆ ಅವು ಮೊದಲಿಗಿಂತ ಕೈಗೆಟಕುವಂತಾಗಿವೆ. ಅನುಮತಿಯಿಲ್ಲದ ಚುಚ್ಚುಮದ್ದುಗಳಿಗೆ ಕೂಡಿಟ್ಟ ಹಣವನ್ನೆಲ್ಲ ಸುರಿದು, ಶಸ್ತ್ರಚಿಕಿತ್ಸೆ ಬೇಕಾದಾಗ ಕೈ ಬರಿದಾಗುವ ಕುಟುಂಬಗಳ ಬಗ್ಗೆ ನನಗೆ ಹೆಚ್ಚಿನ ಕಳವಳವಿದೆ.

ಈಗಾಗಲೇ ಚುಚ್ಚಿಸಿಕೊಂಡಿದ್ದೇವೆ. ಯಾವುದಕ್ಕೆ ಎಚ್ಚರ ವಹಿಸಬೇಕು?

ಎರಡು ಮೂರು ದಿನಗಳ ಸಾಧಾರಣ ಊತ, ನೋವಿಗೆ ಗಾಬರಿ ಬೇಡ. ಮಂಡಿ ಕೆಂಪಾಗಿ ಬಿಸಿಯಾದರೆ, ಜ್ವರ ಅಥವಾ ಚಳಿನಡುಕ ಬಂದರೆ, ಕಾಲು ಊರಲಾಗದಷ್ಟು ನೋವು ಏರಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ, ಚುಚ್ಚುಮದ್ದಿನ ವಿಷಯ ತಿಳಿಸಿ. ಕೀಲಿನೊಳಗಿನ ಸೋಂಕು ಕೆಲವೇ ದಿನಗಳಲ್ಲಿ ಮಂಡಿಯನ್ನು ಹಾಳುಮಾಡಬಲ್ಲದು. ಮೀನಖಂಡದಲ್ಲಿ ಊತ, ಉಸಿರಾಟಕ್ಕೆ ತೊಂದರೆ ಕಂಡರೆ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇರುವುದರಿಂದ ತಡಮಾಡಬಾರದು. ಮುಂದೆ ಮಂಡಿ ಬದಲಾವಣೆಗೆ ಹೋಗುವುದಾದರೆ ಹಿಂದಿನ ಎಲ್ಲ ಚುಚ್ಚುಮದ್ದುಗಳ ದಿನಾಂಕವನ್ನು ಶಸ್ತ್ರವೈದ್ಯರಿಗೆ ಹೇಳಿ, ಏಕೆಂದರೆ ಸೋಂಕಿನ ಭಯದಿಂದ ಅವರು ಕೆಲವು ತಿಂಗಳ ಅಂತರ ಬಯಸುತ್ತಾರೆ. ರಸೀದಿ, ಬ್ಯಾಚ್ ಸಂಖ್ಯೆಯ ಚೀಟಿ, ಸಮ್ಮತಿ ಪತ್ರಗಳನ್ನು ಜೋಪಾನವಾಗಿಡಿ. ಅಡ್ಡಪರಿಣಾಮ ಉಂಟಾದರೆ ಭಾರತದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800 180 3024ಕ್ಕೆ ರೋಗಿಗಳೇ ನೇರವಾಗಿ ವರದಿ ಮಾಡಬಹುದು.